ರೋಹಿಣಿ ಹುಟ್ಟುವ ಮೊದಲು

ತಮ್ಮಾ, ಬೆಂಗಳೂರಿನ ಕೆಲಸ ಬಿಟ್ಟು ಊರಮನೆಯಲ್ಲೇ ಇರುತ್ತೇನೆ ಅಂದೆಯಲ್ಲ, ಬಹಳ ಸಂತೋಷವಾಯಿತು. ಬೀಗ ಬಿದ್ದ ಮನೆಗಳೇ ಹೆಚ್ಚುತ್ತಿರುವ ನಮ್ಮ ಮಲೆನಾಡಿನಲ್ಲಿ ಒಂದು ಮನೆಯ ಒಲೆಯಾದರೂ ಮತ್ತೆ ಹೊತ್ತಿತು. ಆದರೆ ಈ ಮನೆಯ ಮಳೆಗಾಲವನ್ನು ನೀನು ರಜೆಗೆ ಬಂದ ಹುಡುಗನಾಗಿ ನೋಡಿದ್ದೀಯ, ಯಜಮಾನನಾಗಿ ನೋಡಿಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಹಿಡಿದ ಮಳೆ ಬಿಡುವವರೆಗೆ ಮಾಡಿನ ಮೇಲೆ ಕೈಯಿಡುವ ಹಾಗಿಲ್ಲ. ಅಡಿಕೆ ಚಪ್ಪರ ಬಿಚ್ಚಿದಲ್ಲಿಂದ ರೋಹಿಣಿ ಹುಟ್ಟುವವರೆಗೆ, ಅಂದರೆ ಮೇ 25ರ ಆಚೀಚೆವರೆಗೆ, ನಮಗಿರುವ ಸಮಯ ಅಷ್ಟೇ. ಅದರಲ್ಲೂ ಭರಣಿ, ಕೃತ್ತಿಕೆಯ ಗುಡುಗು ಮಳೆ ಹೇಳದೆ ಕೇಳದೆ ಬರುತ್ತದೆ. ಮೇ ತಿಂಗಳಲ್ಲಿ ಊರಿಗೆ ಊರೇ ಹಂಚಿನ ಕೆಲಸದವರನ್ನು ಹುಡುಕುತ್ತದೆ, ಆಗ ಅವರು ನಿನ್ನ ಕೈಗೆ ಸಿಗುವುದಿಲ್ಲ. ಯುಗಾದಿಯ ಹೊತ್ತಿಗೇ ಮಾಡಿಗೆ ಏಣಿ ಇಡು.

ಹತ್ತುವುದಕ್ಕೆ ಮೊದಲು ಒಳಗಿನಿಂದ ನೋಡಬೇಕು. ನಡುಮಧ್ಯಾಹ್ನ ಅಟ್ಟಕ್ಕೆ ಹೋಗಿ, ಕಿಟಕಿ ಬಾಗಿಲು ಮುಚ್ಚಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ನಿಲ್ಲು. ಒಡೆದ ಹಂಚಿನ ಜಾಗದಲ್ಲಿ ಬಿಸಿಲಿನ ಚುಕ್ಕೆ ಕಾಣುತ್ತದೆ. ಅಲ್ಲಲ್ಲೇ ರೀಪಿಗೆ ಸೀಮೆಸುಣ್ಣದ ಗುರುತು ಹಾಕು. ಬೆಳಕು ಕಾಣದ ಕಡೆಯೂ ಪಕಾಸಿಯ ಮೇಲೆ ಕಪ್ಪು ಕಲೆ ಇಳಿದಿದ್ದರೆ ಆ ಕಲೆಯ ಜಾಡು ಹಿಡಿದು ಮೇಲ್ಮೇಲೆ ಹೋಗು. ನೀರು ಒಳಗೆ ಬರುವುದು ಒಂದು ಕಡೆ, ಪಕಾಸಿಗುಂಟ ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಹಾಸಿಗೆಯ ನೇರ ಮೇಲಿನ ಹಂಚು ಬದಲಿಸಿ ಕೈ ತೊಳೆದುಕೊಂಡವರು ಮಳೆಗಾಲದಲ್ಲಿ ಮತ್ತೆ ಅಲ್ಲೇ ಪಾತ್ರೆ ಇಡುತ್ತಾರೆ.

ತೆಗೆದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡು. ಗಟ್ಟಿ ಹಂಚು ಠಣ್ ಅನ್ನುತ್ತದೆ. ಬೊದ್ದು ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ ಅಂತ ತಿಳಿದು ಪಕ್ಕಕ್ಕಿಡು. ಬದಲಿ ಹಂಚು ಯಾವುದಾದರೂ ಆದೀತು ಅಂದುಕೊಳ್ಳಬೇಡ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಆ ಕಡೆ ಎಷ್ಟೋ ಕಾರ್ಖಾನೆಗಳು ಬಂದವು, ಒಂದೊಂದರ ಅಚ್ಚು ಒಂದೊಂದು. ಒಂದು ಕಾರ್ಖಾನೆಯ ಹಂಚಿನ ಕಚ್ಚಿಗೆ ಇನ್ನೊಂದರ ಹಂಚು ಸರಿಯಾಗಿ ಕೂರುವುದಿಲ್ಲ. ಕೂರದ ಹಂಚಿನ ಸಂದಿಯಲ್ಲಿ ಗಾಳಿಯ ಜೊತೆ ಎರಚಲು ನುಗ್ಗುತ್ತದೆ. ನಿನ್ನ ಮನೆಯ ಹಂಚನ್ನು ಮಗುಚಿ ಹಿಂಬದಿಯ ಮುದ್ರೆ ನೋಡಿಕೋ. ಆ ಕಾರ್ಖಾನೆಗಳಲ್ಲಿ ಎಷ್ಟೋ ಈಗ ಇಲ್ಲ. ಸುತ್ತಮುತ್ತ ಹಳೇ ಮನೆ ಕೆಡವುವ ಸುದ್ದಿ ಸಿಕ್ಕಿದರೆ ಹೋಗಿ ಅದೇ ಮುದ್ರೆಯ ಹಂಚು ತಂದು ಕೊಟ್ಟಿಗೆಯ ಹಿಂದೆ ನಿಲ್ಲಿಸಿಡು. ಮಂಗಗಳ ಹಿಂಡು ಒಂದು ಸಲ ಮಾಡಿನ ಮೇಲೆ ಓಡಿತೆಂದರೆ ಎಷ್ಟಿದ್ದರೂ ಬೇಕಾಗುತ್ತದೆ.

ಬರಿಗಾಲಲ್ಲೇ ಹತ್ತು. ಹಂಚಿನ ನಡುವೆ ಕಾಲಿಡಬೇಡ, ಕೆಳಗೆ ರೀಪು ಇರುವ ಕಡೆ, ಹಂಚಿನ ಮೇಲೆ ಹಂಚು ಕೂತ ಅಂಚಿನಲ್ಲಿ ಇಡು. ಕೆಳಗೆ ಏಣಿ ಹಿಡಿಯಲು ಒಬ್ಬರು ಇರಲೇಬೇಕು. ಒಬ್ಬನೇ ಇದ್ದ ದಿನ ಹತ್ತುವುದೇ ಬೇಡ.

ಹಂಚು ಬಿಚ್ಚಿದಾಗಲೇ ರೀಪಿನ ಗೆದ್ದಲು ನೋಡಿ, ಕೊಳೆತದ್ದು ಕಿತ್ತು, ಉಳಿದದ್ದಕ್ಕೆ ಗೇರೆಣ್ಣೆ ಬಳಿಸು. ಅದು ಒಣಗಲು ಬಿರುಬಿಸಿಲು ಬೇಕು, ಮೋಡ ಕಟ್ಟಿದ ಮೇಲೆ ಬಳಿದರೆ ಕೈಗಂಟುತ್ತ ಇರುತ್ತದೆ. ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಕ್ಕೆ ಏಳುತ್ತದೆ, ಆದ್ದರಿಂದ ಕೈಗವಸು ಹಾಕಿಕೊಳ್ಳದೆ ಡಬ್ಬಿ ತೆರೆಯಬೇಡ. ಎರಡು ಮಾಡು ಕೂಡುವಲ್ಲಿರುವ ತಗಡಿನ ದೋಣಿಯಿಂದ ತರಗೆಲೆ ಬಾಚಿ ತೆಗೆ. ಅಲ್ಲಿ ಒಂದು ಬುಟ್ಟಿ ಎಲೆ ಕಟ್ಟಿಕೊಂಡರೆ ಹೊಸ ಹಂಚು ಹಾಕಿಯೂ ಮನೆ ಸೋರುತ್ತದೆ.

ಮಾಡಿನಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಂದಿನ ಕೆಲಸ. ಹಿತ್ತಲ ಧರೆಯ ಬುಡದ ಚರಂಡಿಯನ್ನು ಬೇಸಿಗೆಯಲ್ಲೇ ಕೆತ್ತಿಸು, ಆ ಮಣ್ಣನ್ನು ದಂಡೆಯ ಮೇಲೇ ಗುಡ್ಡೆ ಹಾಕಲು ಬಿಡಬೇಡ, ಮೊದಲ ಮಳೆಗೆ ಮತ್ತೆ ಒಳಗೇ ಇಳಿಯುತ್ತದೆ. ತೋಟದ ಬಸಿಗಾಲುವೆಗೂ ಇದೇ ಮಾತು. ಬುಡದಲ್ಲಿ ನೀರು ನಿಂತ ಅಡಿಕೆ ಮರ ಸೊರಗುತ್ತದೆ. ಅಡಿಕೆಯ ಕೊಳೆ ರೋಗದ ಔಷಧಿಗೆ ಮೈಲುತುತ್ತ, ಸುಣ್ಣ ಈಗಲೇ ತಂದಿಡು. ನೂರು ಲೀಟರ್ ನೀರಿಗೆ ತಲಾ ಒಂದು ಕಿಲೋ ಲೆಕ್ಕ.

ಬಾವಿಯ ಹೂಳು ತೆಗೆಸಲು ಏಪ್ರಿಲ್, ಮೇ ಒಳ್ಳೆಯ ಕಾಲ, ನೀರು ತಳ ಕಂಡಿರುತ್ತದೆ. ಇಲ್ಲಿ ಮಾತ್ರ ನನ್ನ ಮಾತು ಮೀರಬೇಡ ತಮ್ಮಾ. ಬಹಳ ದಿನ ಮುಚ್ಚಿದ್ದ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಮೊದಲು ಹಗ್ಗದಲ್ಲಿ ದೀಪ ಇಳಿಸಿ ನೋಡು, ಆರಿತೋ, ಆ ದಿನ ಯಾರೂ ಇಳಿಯಬಾರದು. ಉರಿದರೂ ಇಳಿಯುವವನ ಸೊಂಟಕ್ಕೆ ಹಗ್ಗ ಬಿಗಿದಿರಲಿ, ಮೇಲೆ ಎಳೆಯುವವರು ಇರಲಿ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಬೇಡ, ಅದರ ಹೊಗೆ ಜೀವ ತೆಗೆಯುತ್ತದೆ. ಒಳಗೆ ಒಬ್ಬ ಕುಸಿದರೆ ಕಾಪಾಡಲು ಇನ್ನೊಬ್ಬ ಹಾಗೇ ಧುಮುಕುವುದರಿಂದಲೇ ಒಂದೇ ಮನೆಯ ಇಬ್ಬಿಬ್ಬರು ಹೋಗುವುದು.

ಕೊಟ್ಟಿಗೆಗೆ ತರಗು ತರಲು ಕಾಡಿಗೆ ಹೋಗುವಾಗ ತುಂಬು ತೋಳಿನ ಅಂಗಿ ಹಾಕು, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಮೈಯಲ್ಲಿ ಉಣುಗು ಹತ್ತಿದೆಯಾ ನೋಡಿಕೋ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, ಅದು ಹೆಚ್ಚಾಗುವುದೂ ಇದೇ ಬೇಸಿಗೆಯಲ್ಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸು.

ಕಟ್ಟಿಗೆ ಏಪ್ರಿಲ್ ಒಳಗೆ ಸೀಳಿ ಒಟ್ಟಿಬಿಡು. ವೈರಿನ ಮೇಲೆ ಬಾಗಿದ ಕೊಂಬೆ ಕಡಿಸುವುದನ್ನು ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಿಯೇ ಮಾಡಿಸು. ಜಗುಲಿಗೆ ಎರಚಲು ತಡೆಯುವ ಸೋಗೆ ಜಡಿ ಕಟ್ಟುವುದು ಕೊನೆಗೆ.

ಇಷ್ಟಾದ ಮೇಲೂ ಏಣಿಯನ್ನು ಒಳಗಿಡಬೇಡ. ಮೊದಲ ದೊಡ್ಡ ಮಳೆ ಬಂದ ದಿನ ಕೊಡೆ ಹಿಡಿದು, ಗುದ್ದಲಿ ಹೊತ್ತು ಮನೆಯ ಸುತ್ತ ಒಂದು ಸುತ್ತು ಬಾ. ಚರಂಡಿ ಎಲ್ಲಿ ಕಟ್ಟಿದೆ, ಸೂರಿನ ನೀರು ಎಲ್ಲಿ ಗೋಡೆಗೆ ಹಾರುತ್ತಿದೆ ಅನ್ನುವುದು ಆಗಲೇ ಕಾಣುವುದು. ಮರುದಿನ ಬಿಸಿಲು ಬಿದ್ದರೆ ಅಷ್ಟನ್ನು ಸರಿ ಮಾಡಿಕೋ. ಕೈ ಸಾಲದಿದ್ದರೆ ನನಗೊಂದು ಫೋನು ಮಾಡು, ಬರುತ್ತೇನೆ.