ಪಾಸಾದ ಪೇಪರಿಗೂ ಎಕ್ಸ್‌ಪೈರಿ ಇದೆಯೇ?

ಪ್ರಶ್ನೆ: ಮಗಳು ಪೈಲಟ್ ಆಗಬೇಕೆಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪೇಪರ್‌ಗಳನ್ನು ಒಂದೊಂದಾಗಿ ಮುಗಿಸುತ್ತಿದ್ದಾಳೆ. ಹಾರಾಟದ ತರಬೇತಿಗೆ ದುಡ್ಡು ಹೊಂದಿಸಲು ನಮಗೆ ಇನ್ನೂ ಎರಡು ವರ್ಷ ಬೇಕು. ಅಮೆರಿಕದಲ್ಲಿರುವ ನನ್ನ ತಮ್ಮ ‘ಎರಡು ವರ್ಷ ದಾಟಿದರೆ ರಿಸಲ್ಟ್ ನಡೆಯಲ್ಲ’ ಅನ್ನುತ್ತಾನೆ, ಪರಿಚಯದವರೊಬ್ಬರು ಐದು ವರ್ಷ ಅನ್ನುತ್ತಾರೆ. ಯಾವುದು ನಿಜ?
– ಓದುಗರು, ಬೊಮ್ಮಸಂದ್ರ

ಉತ್ತರ: ನಿಮ್ಮ ಮಗಳ ಮಟ್ಟಿಗೆ ಐದು ವರ್ಷವೇ ನಿಜ. ಹಾಗಂತ ನಿಮ್ಮ ತಮ್ಮ ಸುಳ್ಳು ಹೇಳಿಲ್ಲ, ಅವರು ಹೇಳಿದ್ದು ಅಲ್ಲಿಯ ಲೆಕ್ಕ.

ನಿಮ್ಮೂರಿನ ಔಷಧ ಕಾರ್ಖಾನೆಗಳಲ್ಲಿ ಪ್ರತಿ ಬ್ಯಾಚಿಗೂ ಬೇರೆ ತಾರೀಕು ಒತ್ತುತ್ತಾರಲ್ಲ, ಇದೂ ಹಾಗೆಯೇ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ, ಅಂದರೆ ಸಿಪಿಎಲ್‌ಗೆ, ನ್ಯಾವಿಗೇಷನ್, ಮೀಟಿಯರಾಲಜಿ, ರೆಗ್ಯುಲೇಷನ್ಸ್, ಟೆಕ್ನಿಕಲ್ ಎಂದು ಪೇಪರ್‌ಗಳಿವೆ. ಪಾಸಾಗಲು 100ಕ್ಕೆ 70 ಬರಬೇಕು. ಒಂದೊಂದಾಗಿ ಪಾಸು ಮಾಡಿದರೆ ಒಂದೊಂದಕ್ಕೂ ಅದರದೇ ಗಡುವು. ಕೊನೆಯ ಪೇಪರ್ ಮುಗಿದ ದಿನದಿಂದ ಐದು ವರ್ಷ ಎಣಿಸಿಕೊಂಡು ನೆಮ್ಮದಿಯಾಗಿದ್ದರೆ ಕೆಡುವುದು ಮೊದಲು ಬರೆದ ಪೇಪರ್.

ಅಮೆರಿಕದಲ್ಲಿ ಹೆಚ್ಚಿನ ಪೈಲಟ್ ಪರೀಕ್ಷೆಗಳ ಫಲಿತಾಂಶಕ್ಕೆ ಆಯುಸ್ಸು 24 ತಿಂಗಳು. ಏರ್‌ಲೈನ್ ಮಟ್ಟದ ಲೈಸೆನ್ಸಿನ, ಅಂದರೆ ಎಟಿಪಿಯ, ಬಹು ಎಂಜಿನ್ ವಿಮಾನದ ಪರೀಕ್ಷೆಗೆ ಮಾತ್ರ 60 ತಿಂಗಳು. ಇದರ ಹಿಂದೆ ಒಂದು ದುರಂತವಿದೆ. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್‌ನ ವಿಮಾನ ಬಿದ್ದು 50 ಮಂದಿ ಸತ್ತರು. ಆ ಮೇಲೆ ಬಂದ ಕಾನೂನು ಏರ್‌ಲೈನ್‌ನ ಸಹಪೈಲಟ್‌ಗೂ ಎಟಿಪಿ ಬೇಕೆಂದಿತು. ಅದಕ್ಕೆ ಸಾಮಾನ್ಯವಾಗಿ 1,500 ಗಂಟೆ ಹಾರಿರಬೇಕು. ಅಷ್ಟು ಗಂಟೆ ಎರಡೇ ವರ್ಷದಲ್ಲಿ ಹೇಗೆ ಕೂಡುತ್ತದೆ? ಗಂಟೆ ತುಂಬುವುದರೊಳಗೆ ಪರೀಕ್ಷೆ ಹಳಸಬಾರದೆಂದು ಗಡುವನ್ನೇ ಉದ್ದ ಮಾಡಿದರು. ಸರ್ಕಾರಿ ನಿಯಮದಲ್ಲಿ ಇಷ್ಟು ವಿವೇಕ ಕಾಣುವುದು ಅಪರೂಪ.

ನಮ್ಮಲ್ಲಿ ಸಹಪೈಲಟ್ ಕೆಲಸಕ್ಕೆ ಸಿಪಿಎಲ್ ಸಾಕು, ಅದಕ್ಕೆ 200 ಗಂಟೆ ಹಾರಾಟ. 1,500 ಗಂಟೆಯ ಏರ್‌ಲೈನ್ ಮಟ್ಟದ ಲೈಸೆನ್ಸ್, ಅಂದರೆ ಎಟಿಪಿಎಲ್, ಬೇಕಾಗುವುದು ಕ್ಯಾಪ್ಟನ್ ಆಗುವ ಹೊತ್ತಿಗೆ. ಅದರ ಪೇಪರ್‌ಗಳು ಬೇರೆ, ಈಗ ತಲೆಕೆಡಿಸಿಕೊಳ್ಳಬೇಡಿ. ಇನ್ನೊಂದು ಗೊಂದಲವೂ ಇದೆ: 2023ರಲ್ಲಿ ‘ಐದು ವರ್ಷ ಹತ್ತಾಯಿತು’ ಎಂಬ ಸುದ್ದಿ ಬಂತಲ್ಲ, ಅದು ಕೈಗೆ ಬಂದ ಲೈಸೆನ್ಸಿನ ಅವಧಿ. ಪೇಪರಿಗೂ ಅದಕ್ಕೂ ಸಂಬಂಧವಿಲ್ಲ.

ಎರಡು ವರ್ಷ ಕಾದರೆ ಈಗಷ್ಟೇ ಪಾಸಾದ ಪೇಪರಿಗೆ ಉಳಿಯುವುದು ಮೂರು. ಕಾಗದದ ಮೇಲೆ ಧಾರಾಳ. ಆದರೆ 1949ರಿಂದ ಇರುವ ಜಕ್ಕೂರಿನ ಸರ್ಕಾರಿ ಹಾರಾಟ ತರಬೇತಿ ಶಾಲೆಯಾಗಲಿ, ಬೇರೆ ಯಾವುದೇ ಶಾಲೆಯಾಗಲಿ, ಮಳೆಗಾಲ ಮತ್ತು ಎಂಜಿನ್ ರಿಪೇರಿ ಯಾರ ಮಾತೂ ಕೇಳುವುದಿಲ್ಲ. ಉಳಿದ ಪೇಪರ್‌ಗಳನ್ನು ದುಡ್ಡು ಕೈಗೆ ಬರುವ ಆರೇಳು ತಿಂಗಳ ಮುಂಚೆ ಬರೆಸಿ. ಅಲ್ಲಿಯವರೆಗೆ ಪುಸ್ತಕ ಮುಚ್ಚುವುದು ಬೇಡ.

ಈಗಲೇ ಮಾಡಿಸಬೇಕಾದದ್ದು ವೈದ್ಯಕೀಯ ತಪಾಸಣೆ. ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ಕ್ಲಾಸ್ 1ರ ಅವಧಿ ಮಗಳ ವಯಸ್ಸಿನವರಿಗೆ 12 ತಿಂಗಳು, ಹಾಗಾಗಿ ಮತ್ತೆ ಮತ್ತೆ ಮಾಡಿಸಬೇಕು, ಖರ್ಚೂ ಇದೆ. ಆದರೂ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ತೊಡಕಿದ್ದರೆ ತರಬೇತಿಗೆ ಲಕ್ಷಗಟ್ಟಲೆ ಸುರಿಯುವ ಮುಂಚೆಯೇ ಅದು ನಿಮಗೆ ಗೊತ್ತಾಗುತ್ತದೆ.