ಓಲೆಗರಿಯ ಕಾವಲುಗಾರರು

ಚೀನಾ ದೇಶದ ಹೆನಾನ್ ಪ್ರಾಂತದಲ್ಲಿ ಶಾವೋಲಿನ್ ಎಂಬ ಪ್ರಾಚೀನ ಬೌದ್ಧವಿಹಾರವಿದೆ. 1982ರಲ್ಲಿ ತೆರೆಕಂಡ ‘ಶಾವೋಲಿನ್ ಟೆಂಪಲ್’ ಎಂಬ ಚಲನಚಿತ್ರವು ಅದರ ಹೆಸರನ್ನು ಲೋಕದಲ್ಲೆಲ್ಲ ಹರಡಿತು. ಅಧಿಕಾರ ಕಬಳಿಸಿದವರ ಕೈಯಲ್ಲಿ ತಂದೆಯನ್ನು ಕಳೆದುಕೊಂಡ ತರುಣನೊಬ್ಬನಿಗೆ ಭಿಕ್ಷುಗಳು ಆಶ್ರಯವಿತ್ತು ಯುದ್ಧವಿದ್ಯೆ ಕಲಿಸುವುದೇ ಅದರ ಕಥೆ. ಕಥೆಯ ಬಹುಭಾಗ ಕಲ್ಪಿತವಾದರೂ ಅದರ ಬೇರು ಇತಿಹಾಸದಲ್ಲಿದೆ. ಕ್ರಿ.ಶ. 621ರಲ್ಲಿ ಸಿಂಹಾಸನವನ್ನು ಕಿತ್ತುಕೊಂಡಿದ್ದ ವಾಂಗ್ ಷಿಚೊಂಗನ ವಿರುದ್ಧ ಆ ಭಿಕ್ಷುಗಳು ರಾಜಕುಮಾರ ಲಿ ಷಿಮಿನನಿಗೆ ನೆರವಾದರು. ಅವನ ಕೃತಜ್ಞತಾಪತ್ರವನ್ನು 728ರಲ್ಲಿ ಕಲ್ಲಿನ ಮೇಲೆ ಕೆತ್ತಲಾಯಿತು.

ಜಪಮಾಲೆ ಹಿಡಿದ ಕೈ ಆಯುಧವನ್ನು ಏಕೆ ಹಿಡಿಯಿತು? ಈ ಪ್ರಶ್ನೆ ನಮ್ಮ ನಾಡಿಗೂ ಹೊಸದಲ್ಲ.

ಇಂದಿನ ಬಸವಕಲ್ಯಾಣವೇ ಹನ್ನೆರಡನೆಯ ಶತಮಾನದ ಕಲ್ಯಾಣ. ಚಾಲುಕ್ಯರ ಮಾಂಡಲಿಕನಾಗಿದ್ದ ಕಳಚುರಿ ಬಿಜ್ಜಳನು ತನ್ನ ಒಡೆಯನನ್ನೇ ಬದಿಗೊತ್ತಿ, 1162ರ ವೇಳೆಗೆ ಸಾರ್ವಭೌಮನೆನಿಸಿಕೊಂಡನು. ಅವನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಶರಣರು ನೆರೆದರು. ಬಟ್ಟೆಯನ್ನು ಮಡಿಮಾಡುವವರು, ಪಾದರಕ್ಷೆ ಹೊಲಿಯುವವರು, ದೋಣಿ ನಡೆಸುವವರು ಒಂದೇ ಪಂಕ್ತಿಯಲ್ಲಿ ಕುಳಿತು ಅನುಭಾವವನ್ನು ನುಡಿದರು. ಆ ನುಡಿಗಳು ವಚನಗಳಾಗಿ ಓಲೆಗರಿಗಳನ್ನು ಸೇರಿದವು.

ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ವಿವಾಹವಾಯಿತೆಂದೂ, ಅದಕ್ಕಾಗಿ ತಂದೆಯರಿಬ್ಬರನ್ನೂ ಕೊಲ್ಲಿಸಲಾಯಿತೆಂದೂ ಪರಂಪರೆ ಹೇಳುತ್ತದೆ. ಬಳಿಕ ಬಿಜ್ಜಳನೇ ಹತನಾದನಂತೆ. ಅವನ ಕೊಲೆಯನ್ನು ವೀರಶೈವ ಕಾವ್ಯಗಳು ಒಂದು ಬಗೆಯಾಗಿ, ಜೈನ ಕಾವ್ಯಗಳು ಮತ್ತೊಂದು ಬಗೆಯಾಗಿ ಬಣ್ಣಿಸುತ್ತವೆ. 1167ರ ಸುಮಾರಿಗೆ ಮಗ ಸೋವಿದೇವನು ಪಟ್ಟಕ್ಕೆ ಬಂದುದು ಶಾಸನಗಳಿಂದ ತಿಳಿಯುತ್ತದೆ.

ಕಲ್ಯಾಣವು ಶರಣರಿಗೆ ಎರವಾಯಿತು. ಐತಿಹ್ಯದಂತೆ, ಚೆನ್ನಬಸವಣ್ಣ, ಅಕ್ಕನಾಗಮ್ಮ ಮೊದಲಾದವರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ಹೊರಟರು. ಅರಸನ ಸೈನ್ಯ ಬೆನ್ನಟ್ಟಿತು. ಮಡಿವಾಳ ಮಾಚಿದೇವರು ಹಿಂಬದಿಯ ಕಾವಲಿಗೆ ನಿಂತರು. ಬೆಳಗಾವಿ ಜಿಲ್ಲೆಯ ಕಾದರವಳ್ಳಿಯಲ್ಲಿ ಕಾಳಗ ನಡೆಯಿತು. ದಯೆಯನ್ನು ಬೋಧಿಸಿದವರು ಖಡ್ಗ ಹಿಡಿದರು. ಮಡಿದವರ ಹಿಂದೆ ಓಲೆಗರಿಗಳು ಮುಂದೆ ಸಾಗಿದವು.

ಇದೆಲ್ಲ ಬರಿಯ ಕಥೆಯೇ? ಗೋಕಾಕ, ಮೂಡಲಗಿಗಳ ವಿದ್ಯಾರ್ಥಿಗಳು ಉತ್ತರವನ್ನರಸಿ ದೂರ ಹೋಗಬೇಕಾಗಿಲ್ಲ. ನೆರೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ 1260ರ ಶಾಸನವೊಂದು ದೊರೆತಿದೆ. ಅದು ಬಸವಣ್ಣನವರನ್ನು ‘ಸಂಗನಬಸವ’ನೆಂದು ಹೆಸರಿಸಿ, ಅವರ ಅಣ್ಣ ದೇವರಾಜರ ವಂಶದ ಹಾಲಬಸವಿದೇವರನ್ನು ಸ್ಮರಿಸುತ್ತದೆ. ಕಾದರವಳ್ಳಿಯ ಕಾಳಗವನ್ನು ಆ ಕಲ್ಲು ಹೇಳುವುದಿಲ್ಲ. ಕಲ್ಲು ನುಡಿದುದನ್ನು ಇತಿಹಾಸವೆಂದೂ, ಜನ ನೆನೆದುದನ್ನು ಐತಿಹ್ಯವೆಂದೂ ಬೇರ್ಪಡಿಸಿ ಎರಡನ್ನೂ ಗೌರವಿಸುವುದು ವಿವೇಕಿಯ ಲಕ್ಷಣ.

ಶಾವೋಲಿನ್ ಭಿಕ್ಷುಗಳು ಗೆಲ್ಲುವ ರಾಜಕುಮಾರನ ಪಕ್ಷದಲ್ಲಿದ್ದರು. ಅವರ ವಿಹಾರಕ್ಕೆ ಭೂಮಿ ದೊರೆಯಿತು. ಶರಣರಿಗೆ ದೊರೆತುದು ಕಾಡಿನ ದಾರಿ. ಅವರು ಕಾದುದು ಸಿಂಹಾಸನವನ್ನಲ್ಲ, ನುಡಿಯನ್ನು. ಮಠಮನೆಗಳ ಅಟ್ಟದಲ್ಲಿ ಶತಮಾನಗಳ ಕಾಲ ಉಳಿದ ಓಲೆಗರಿಗಳನ್ನು ಫ.ಗು. ಹಳಕಟ್ಟಿಯವರು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಕಾವಲಿನ ಕೆಲಸಕ್ಕೆ ಖಡ್ಗವೇ ಬೇಕೆಂದಿಲ್ಲ ಎಂಬುದನ್ನು ಅವರ ಬದುಕು ತೋರಿಸಿತು. ವಚನವನ್ನು ಓದಿ ನಡೆಯಲ್ಲಿ ಉಳಿಸಿಕೊಳ್ಳುವವರೆಲ್ಲರೂ ಆ ಕಾವಲಿನಲ್ಲಿ ಪಾಲುದಾರರೇ.

ಪದಗಳ ಅರ್ಥ

ವಿಹಾರ – ಬೌದ್ಧ ಭಿಕ್ಷುಗಳ ವಾಸಸ್ಥಾನ
ಮಾಂಡಲಿಕ – ಸಾಮಂತ ಅರಸ
ಭಂಡಾರಿ – ಬೊಕ್ಕಸದ ಅಧಿಕಾರಿ
ಎರವಾಗು – ಪರಕೀಯವಾಗು
ಐತಿಹ್ಯ – ಪರಂಪರೆಯಿಂದ ಬಂದ ಹೇಳಿಕೆ

ಅಭ್ಯಾಸ

1. ಬಿಜ್ಜಳನು ಸಾರ್ವಭೌಮನಾದ ಬಗೆ ಹೇಗೆ?
2. ಅರ್ಜುನವಾಡದ ಶಾಸನ ಏನನ್ನು ಹೇಳುತ್ತದೆ? ಏನನ್ನು ಹೇಳುವುದಿಲ್ಲ?
3. ದಯೆಯನ್ನು ಬೋಧಿಸಿದವರು ಆಯುಧ ಹಿಡಿದುದು ಸರಿಯೇ? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.