ಎಳೆಯ ಮಕ್ಕಳಿಗೆ ಜಪವನ್ನೂ ಪೂಜಾಮರ್ಯಾದೆಯನ್ನೂ ಕಲಿಸುವ ಕ್ರಮ

ಮಗುವಿನ ನಾಲಗೆಗೆ ಜಪವನ್ನು ಕಲಿಸುವುದು ಸುಲಭ. ಹೃದಯಕ್ಕೆ ಕಲಿಸುವುದು ಕಷ್ಟ. ಈ ಎರಡಕ್ಕೂ ಇರುವ ಅಂತರವನ್ನು ನಾವು ಉಪಾಧ್ಯಾಯಿನಿಯಾದ ಮೊದಲ ವರ್ಷಗಳಲ್ಲಿ ಅರಿತಿರಲಿಲ್ಲ. ಅದನ್ನು ನಮಗೆ ಕಲಿಸಿದವಳು ಆರು ವರ್ಷದ ಒಬ್ಬ ಹುಡುಗಿ.

ಆಗ ನಾವು ಬೇರೊಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಜ್ಞಾನೋಪದೇಶವನ್ನು ಹೇಳುತ್ತಿದ್ದೆವು. ಗುರುಗಳು ಪರೀಕ್ಷೆಗೆ ಬರುವ ದಿನವು ಸಮೀಪಿಸಿದ್ದರಿಂದ ದಿನವೂ ಪರಲೋಕ ಜಪವನ್ನು ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದೆವು. ಆ ಹುಡುಗಿಯು ಅನುದಿನದ ಆಹಾರವನ್ನು ಬೇಡುವ ಮಾತಿಗೆ ಬಂದೊಡನೆ ನಿಂತುಬಿಡುತ್ತಿದ್ದಳು. ಮೂರು ದಿನ ಗದರಿಸಿದೆವು. ನಾಲ್ಕನೆಯ ದಿನ ಬೆಂಚಿನ ಮೇಲೆ ನಿಲ್ಲಿಸಿದೆವು. ಆ ಸಂಜೆ ಅವಳ ತಾಯಿ ಬಂದು, “ಟೀಚರಮ್ಮ, ಇವಳ ತಂದೆ ಹಾಸಿಗೆ ಹಿಡಿದು ಎರಡು ತಿಂಗಳಾಯಿತು. ಮನೆಯಲ್ಲಿ ಒಂದೇ ಹೊತ್ತಿನ ಊಟ. ‘ದಿನವೂ ಕೇಳುತ್ತೇವಲ್ಲ ಅಮ್ಮಾ, ದೇವರು ಯಾಕೆ ಕೊಡುವುದಿಲ್ಲ?’ ಎಂದು ನನ್ನನ್ನು ಕೇಳುತ್ತಾಳೆ. ನಾನು ಏನು ಹೇಳಲಿ?” ಎಂದರು.

ನಾವು ತಲೆ ತಗ್ಗಿಸಿದೆವು. ತರಗತಿಯಲ್ಲಿ ತಡವರಿಸದೆ ಒಪ್ಪಿಸಿದ ಮಕ್ಕಳೆಲ್ಲರೂ ಗಿಳಿಗಳಂತೆ ಉಲಿದಿದ್ದರು. ಮಾತಿನ ಅರ್ಥವನ್ನು ಮನಸ್ಸಿಗೆ ತಂದುಕೊಂಡು ನಿಂತವಳು ಅವಳೊಬ್ಬಳೇ. ಅವಳನ್ನೇ ನಾವು ದಂಡಿಸಿದ್ದೆವು. ಮರುದಿನ ಎಲ್ಲರ ಎದುರಿನಲ್ಲಿ ಅವಳ ಕ್ಷಮೆಯನ್ನು ಬೇಡಿ, ಆ ಜಪದಲ್ಲಿ ‘ನನಗೆ’ ಎಂಬ ಮಾತಿಲ್ಲ, ‘ನಮಗೆ’ ಎಂದೇ ಇದೆ ಎಂಬುದನ್ನು ಮಕ್ಕಳಿಗೆ ತೋರಿಸಿದೆವು. ಒಬ್ಬರಿಗಾಗಿ ಎಲ್ಲರೂ ಬೇಡುವುದಾದರೆ, ಉಳ್ಳವರು ಇಲ್ಲದವರಿಗೆ ಕೊಡಲೇಬೇಕಷ್ಟೆ. ಅಂದಿನಿಂದ ಮಕ್ಕಳು ವಾರಕ್ಕೊಮ್ಮೆ ಮುಷ್ಟಿ ಅಕ್ಕಿಯನ್ನು ತರತೊಡಗಿದರು. ಅದು ಯಾರ ಮನೆಗೆ ಹೋಗುವುದೆಂದು ನಾವು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಈ ಅನುಭವದಿಂದ ನಾವು ಕಂಡುಕೊಂಡ ಕ್ರಮವನ್ನು ತಾಯಂದಿರಿಗೂ ಕಿರಿಯ ಉಪಾಧ್ಯಾಯಿನಿಯರಿಗೂ ಇಲ್ಲಿ ತಿಳಿಸುತ್ತೇವೆ.

ಮೊದಲನೆಯದಾಗಿ ಶಿಲುಬೆಯ ಗುರುತು. ಪಿತನ ಹೆಸರಿಗೆ ಹಣೆ, ಸುತನ ಹೆಸರಿಗೆ ಎದೆ, ಪವಿತ್ರಾತ್ಮನ ಹೆಸರಿಗೆ ಎಡಭುಜ ಬಲಭುಜಗಳು. ನೊಣವನ್ನು ಓಡಿಸುವವರಂತೆ ಕೈಯಾಡಿಸಕೂಡದು. ಮಗುವಿನ ಎದುರಿಗೆ ನಿಂತು ಕಲಿಸುವಾಗ ಅದು ಕನ್ನಡಿಯಲ್ಲಿ ಕಂಡಂತೆ ಎಡಗೈಯನ್ನೆತ್ತುವುದುಂಟು. ಆದಕಾರಣ ಪಕ್ಕದಲ್ಲಿ ನಿಂತು ಕಲಿಸುವುದು ಲೇಸು.

ಎರಡನೆಯದಾಗಿ, ಕಥೆ ಮುಂದೆ, ಜಪ ಹಿಂದೆ. ಪರಲೋಕ ಜಪವು ಮತ್ತಾಯನ 6ನೆಯ ಅಧ್ಯಾಯದಲ್ಲಿಯೂ ಲೂಕನ 11ನೆಯ ಅಧ್ಯಾಯದಲ್ಲಿಯೂ ಇದೆ. ಶಿಷ್ಯರಲ್ಲೊಬ್ಬನು ತಾನೇ ‘ನಮಗೆ ಕಲಿಸು’ ಎಂದು ಯೇಸುವನ್ನು ಬೇಡಿಕೊಂಡನೆಂಬುದನ್ನು ಕೇಳಿದ ಮಗುವು ತಾನೂ ಕಲಿಯಲು ಬಯಸುವುದು. ನಮೋ ಮರಿಯಾ ಜಪದ ಮೊದಲ ಭಾಗದಲ್ಲಿ ಗಬ್ರಿಯೇಲ ದೂತನ ವಂದನೆಯೂ ಎಲಿಸಬೇತಮ್ಮನವರ ಹರಕೆಯೂ ಇವೆ. ಇವೆರಡೂ ಲೂಕನ 1ನೆಯ ಅಧ್ಯಾಯದವು. ಉಳಿದುದು ಧರ್ಮಸಭೆಯು ಸೇರಿಸಿದ ಬಿನ್ನಹ. ವಾರಕ್ಕೆ ಒಂದೇ ವಾಕ್ಯ ಸಾಕು.

ಮೂರನೆಯದಾಗಿ, ದೇಹದ ಮರ್ಯಾದೆ. ಬಾಗಿಲಲ್ಲಿ ತೀರ್ಥವನ್ನು ಮುಟ್ಟುವುದು ಜ್ಞಾನಸ್ನಾನದ ನೆನಪಿಗಾಗಿ. ಪರಮಪ್ರಸಾದವನ್ನಿರಿಸಿದ ಪೆಟ್ಟಿಗೆಯ ಬಳಿ ಉರಿಯುವ ದೀಪವನ್ನು ತೋರಿಸಿ, ಬಲ ಮೊಣಕಾಲನ್ನು ನೆಲಕ್ಕೆ ತಾಗಿಸಲು ಕಲಿಸಬೇಕು. ವಾಚನಗಳಿಗೂ ಪ್ರಬೋಧನೆಗೂ ಕುಳಿತುಕೊಳ್ಳುವುದು, ಶಿಷ್ಯರು ಗುರುವಿನ ಮುಂದೆ ಕುಳಿತು ಕೇಳುವಂತೆ. ಶುಭಸಂದೇಶಕ್ಕೆ ಏಳುವುದು, ಹಿರಿಯರು ಬಂದಾಗ ನಾವು ಏಳುವಂತೆ. ಆಗ ಹಣೆ, ತುಟಿ, ಎದೆಗಳ ಮೇಲೆ ಇಡುವ ಮೂರು ಚಿಕ್ಕ ಶಿಲುಬೆಗಳು, ದೇವರ ವಾಕ್ಯವು ಬುದ್ಧಿಯಲ್ಲಿಯೂ ಮಾತಿನಲ್ಲಿಯೂ ಹೃದಯದಲ್ಲಿಯೂ ನೆಲೆಸಲೆಂದು. ರೊಟ್ಟಿಯನ್ನೂ ಪಾತ್ರೆಯನ್ನೂ ಗುರುಗಳು ಎತ್ತುವಾಗ ಮೊಣಕಾಲೂರಿ ತಲೆಯೆತ್ತಿ ನೋಡಬೇಕು. ಅವರು ಎತ್ತುವುದು ನೋಡಲೆಂದೇ ಅಲ್ಲವೇ?

ನಮ್ಮ ದೇಶದಲ್ಲಿ 1969ರಿಂದ ಮೊಣಕಾಲೂರುವುದಕ್ಕೆ ಬದಲಾಗಿ ಅಂಜಲಿಬದ್ಧರಾಗಿ ಬಾಗುವುದಕ್ಕೂ, ಪಾದರಕ್ಷೆಗಳನ್ನು ಕಳಚಿ ಪೂಜೆಗೆ ಬರುವುದಕ್ಕೂ, ಪಂಚಾಂಗ ಪ್ರಣಾಮಕ್ಕೂ ಅನುಮತಿಯುಂಟು. ಇವು ಮಕ್ಕಳು ತಮ್ಮ ಸುತ್ತಮುತ್ತ ಕಂಡಿರುವ ಮರ್ಯಾದೆಗಳೇ. ಆಯಾ ದೇವಾಲಯದ ರೂಢಿಯನ್ನು ಅನುಸರಿಸತಕ್ಕದ್ದು.

ನಮ್ಮ ಅಜ್ಜಿಯರ ಕಾಲದಲ್ಲಿ ಪೂಜೆಯು ಲತೀನ್ ಭಾಷೆಯಲ್ಲಿ ನಡೆಯುತ್ತಿತ್ತು. ಅವರು ಜಪಸರವನ್ನೆಣಿಸುತ್ತ ಭಕ್ತಿಯಿಂದ ಕುಳಿತಿರುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೇಶಭಾಷೆಗಳಿಗೆ ದಾರಿಯನ್ನು ತೆರೆಯಿತು. ಈಗ ಪೂಜೆಯು ಕನ್ನಡದಲ್ಲಿ ನಡೆಯುವಲ್ಲಿ, ‘ನಿಮಗೆ ಅರ್ಥವಾಗದು, ಸುಮ್ಮನಿರಿ’ ಎಂದು ಮಕ್ಕಳಿಗೆ ಹೇಳುವ ಹಕ್ಕು ನಮಗಿಲ್ಲ.

ಹತ್ತನೆಯ ಪಿಯೂಸ್ ಜಗದ್ಗುರುಗಳು 1910ರಲ್ಲಿ, ಸುಮಾರು ಏಳು ವರ್ಷಕ್ಕೆ ವಿವೇಕವು ಮೂಡಿದ ಮಗುವನ್ನು ಪರಮಪ್ರಸಾದದಿಂದ ದೂರವಿಡಬಾರದೆಂದು ವಿಧಿಸಿದರು. ಮಕ್ಕಳು ಭಾಗವಹಿಸುವ ಪೂಜೆಗಳಿಗಾಗಿ ರೋಮಾಪುರಿಯಿಂದ 1973ರಲ್ಲಿ ಹೊರಟ ನಿರ್ದೇಶನವು ಹಾಡು, ಅಂಗಚೇಷ್ಟೆಗಳಷ್ಟೇ ಮೌನವೂ ಮಕ್ಕಳಿಗೆ ಬೇಕೆಂದು ಹೇಳುತ್ತದೆ. ಆದರೆ ಮೌನವನ್ನು ಚಿವುಟಿ ಕಲಿಸಲಾಗದು. ಚಿಕ್ಕವರನ್ನು ಪೀಠವು ಕಾಣುವಂತೆ ಮುಂದೆ ಕೂರಿಸಿರಿ. ಹಿಂದೆ ಕೂರಿಸಿದರೆ ಅವರಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ. ಜನರಿಲ್ಲದ ವೇಳೆಯಲ್ಲಿ ದೇವಾಲಯಕ್ಕೆ ಕರೆದೊಯ್ದು ಪೀಠವನ್ನೂ ದೀಪವನ್ನೂ ತೋರಿಸಿರಿ. ಎಲ್ಲಕ್ಕೂ ಮಿಗಿಲಾಗಿ, ತಾಯಿಯು ಮೊಣಕಾಲೂರಿದ್ದನ್ನು ಕಂಡ ಮಗುವಿಗೆ ಹೆಚ್ಚು ಉಪದೇಶವು ಬೇಡ.

ನಮ್ಮ ಶಾಲೆಯಲ್ಲಿ ಅನ್ಯಮತದ ಹೆಣ್ಣುಮಕ್ಕಳೂ ಓದುತ್ತಾರೆ. ಅವರನ್ನು ಜಪಕ್ಕೆ ಬಲವಂತಪಡಿಸಕೂಡದು. ಬಲವಂತದ ಕೈಜೋಡಣೆಯು ದೇವರಿಗೂ ಬೇಡ.

ಪ್ರಿಯ ಸಹೋದರಿಯರೇ, ಜಪದ ನಡುವೆ ಮಗುವೊಂದು ನಿಂತುಬಿಟ್ಟರೆ ಒಡನೆ ತಿದ್ದಬೇಡಿರಿ. ಏಕೆ ನಿಂತಿತೆಂದು ಮೆಲ್ಲಗೆ ಕೇಳಿರಿ. ಅದು ಮರೆತು ನಿಂತಿರಬಹುದು. ಅಥವಾ ನಾವು ಓಡುತ್ತ ದಾಟಿಹೋದ ಮಾತಿನ ಬಳಿ ಅದು ದೇವರಿಗಾಗಿ ಕಾಯುತ್ತಿರಬಹುದು.